ನನ್ನ ಹೆಸರು ಕೊರೆಸಿದ ಕೊಡಗಳು

ಸೀಟು ಸಿಕ್ಕಿದೆ ಎಂಬ ಮೆಸೇಜು ಬಂದಾಗ ನಾನು ಎಮ್ಮೆಯ ಮುಂದೆ ಮೇವಿನ ಹೊರೆ ಬಿಚ್ಚುತ್ತಿದ್ದೆ. ಹೊರೆಯನ್ನು ಅಲ್ಲೇ ಒಗೆದು, ಸೆರಗಿಲ್ಲದ ನೈಟಿಯಲ್ಲೇ ಓಣಿಗುಂಟ ಓಡಿದೆ. ಅವ್ವ ನಳದ ಹತ್ತಿರ ಬಟ್ಟೆ ಕುಕ್ಕುತ್ತಿದ್ದಳು.

"ಅವ್ವಾ, ಸಿಕ್ತು ಬೇ! ಚಿಕ್ಕೋಡ್ಯಾಗ ನರ್ಸಿಂಗ್ ಸೀಟ್ ಸಿಕ್ತು!"

"ಯಾರಿಗೆ?" ಎಂದಳು ಅವ್ವ, ಸಾಬೂನಿನ ಕೈಯಲ್ಲೇ.

"ಯಾರಿಗೆ ಅಂದ್ರ? ನನಗ!"

ನಳಕ್ಕೆ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಅವ್ವ ಮಾತ್ರ ನಗಲಿಲ್ಲ. ಒದ್ದೆ ಕೈಯಿಂದಲೇ ನನ್ನ ಮುಖ ಹಿಡಿದು, ಕಣ್ಣಿಗೆ ಸಾಬೂನು ಹತ್ತಿಸಿಬಿಟ್ಟಳು. ಹೀಗಾಗಿ ನನ್ನ ಬದುಕಿನ ಅತ್ಯಂತ ಖುಷಿಯ ಗಳಿಗೆಯಲ್ಲಿ ನಾನು "ಉರಿ ಉರಿ" ಎಂದು ಕುಣಿದದ್ದೇ ಎಲ್ಲರಿಗೂ ನೆನಪಿದೆ.

ನಮ್ಮದು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಿಂದ ಸೈಕಲ್ಲಿನ ದಾರಿಯಷ್ಟು ದೂರದ ಹಳ್ಳಿ. ಅಪ್ಪ ಸೀಜನ್ನಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅವನ ಪಾದದ ಮೇಲೆ ಟ್ರೇಲರಿನ ಗಾಲಿ ಹಾಯಿತು. ದವಾಖಾನೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರಮ್ಮ ಹಿಂದೆ ತಿರುಗಿ, ಬ್ಯಾಂಡೇಜಿನ ಸುರುಳಿಯನ್ನು ನನ್ನ ಕೈಗಿಟ್ಟು "ಹಿಡೀವಾ" ಎಂದರು. ಅಪ್ಪ ಆ ಕಡೆ ಮುಖ ಮಾಡಿ ಹಲ್ಲು ಕಚ್ಚಿಕೊಂಡಿದ್ದ. ನಾನು ಮಾತ್ರ ಗಾಯವನ್ನೇ ನೋಡುತ್ತಿದ್ದೆ. ಅಂದು ಹಿಡಿದ ಸುರುಳಿಯನ್ನು ಮನಸ್ಸಿನಲ್ಲಿ ಮತ್ತೆ ಬಿಡಲೇ ಇಲ್ಲ.

ಸೀಟಿನ ಖುಷಿ ಮೂರು ದಿನ ಇತ್ತು. ನಾಲ್ಕನೆಯ ದಿನ ಅಪ್ಪ, ನಾನು ಚಿಕ್ಕೋಡಿಗೆ ಹೋದೆವು. ನನ್ನ ತಲೆಯಲ್ಲಿ ಲೆಕ್ಕ ಬಹಳ ಸರಳವಿತ್ತು: ಸರ್ಕಾರದ ಸ್ಕಾಲರ್‌ಶಿಪ್ ಇದೆ, ಅದೇ ಎಲ್ಲ ಕಟ್ಟುತ್ತದೆ. ಫೀ ಖಿಡಕಿಯ ಒಳಗಿದ್ದವರು ಪಾಪ ಒಳ್ಳೆಯವರೇ, ನಿಧಾನವಾಗಿ ಬಿಡಿಸಿ ಹೇಳಿದರು. ಸ್ಕಾಲರ್‌ಶಿಪ್ ಬರುವುದು ಪಾಠದ ಫೀಗೆ ಮಾತ್ರ, ಅದೂ ಆರು ತಿಂಗಳ ಮೇಲೆ. ಹಾಸ್ಟೆಲ್ಲು, ಮೆಸ್ಸು, ಯೂನಿಫಾರ್ಮು, ಪುಸ್ತಕ, ಡಿಪಾಜಿಟ್ಟು ಇವೆಲ್ಲ ಮೊದಲೇ ಕಟ್ಟಬೇಕು. ಅಪ್ಪನ ಹತ್ತಿರ ಇದ್ದದ್ದನ್ನು ಕಳೆದರೆ ಇನ್ನೂ ನಲವತ್ತೆರಡು ಸಾವಿರ ಕಡಿಮೆ ಬೀಳುತ್ತಿತ್ತು. ಬರುವ ಬುಧವಾರ ನಾಲ್ಕು ಗಂಟೆಯೊಳಗೆ ಕಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

ಬ್ಯಾಂಕಿನವರು ಸಾಲ ಕೊಡುತ್ತೇವೆ ಎಂದರು, ಆದರೆ ಕಾಗದಪತ್ರ ಆಗಲು ಕನಿಷ್ಠ ಒಂದು ತಿಂಗಳು ಬೇಕೆಂದರು. ಕಬ್ಬಿನ ಸೀಜನ್ ಶುರುವಾಗಲು ಇನ್ನೂ ಎರಡು ತಿಂಗಳಿತ್ತು. ಬಸ್ಸಿನಲ್ಲಿ ಅಪ್ಪ "ಮುಂದಿನ ವರ್ಷ ನೋಡೂಣವಾ" ಎಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಮುಂದಿನ ವರ್ಷ ನೀನs ಹೋಗಿ ಕಲಿ!" ಎಂದು ಅಪ್ಪನಿಗೆ ಅಂದುಬಿಟ್ಟೆ. ಕುಡಚಿಯ ಸೇತುವೆ ಬಂತು. ಕೃಷ್ಣೆ ತುಂಬಿ ಹರಿಯುತ್ತಿದ್ದಳು, ಇಬ್ಬರೂ ಅತ್ತ ನೋಡಲಿಲ್ಲ.

ಮನೆಯಲ್ಲಿ ಅವ್ವ ಎಲ್ಲ ಕೇಳಿಸಿಕೊಂಡಳು. ಆಮೇಲೆ ಎದ್ದು ಟ್ರಂಕಿನ ಬೀಗ ತೆಗೆದು ಒಂದು ಪುಸ್ತಕ ತಂದು ನನ್ನ ಮುಂದೆ ಹಾಕಿದಳು. ಅದು ಆಹೇರದ ಪುಸ್ತಕ. ನಮ್ಮ ಕಡೆ ಲಗ್ನಕ್ಕೆ ಹೋದವರು ಬರಿಗೈಯಲ್ಲಿ ಹೋಗುವುದಿಲ್ಲ. ಸೀರೆ, ಕುಪ್ಪಸದ ಖಣ, ಪಾತ್ರೆ-ಭಾಂಡೆ, ರೊಕ್ಕ, ಏನಾದರೂ ಆಹೇರ ಮಾಡುತ್ತಾರೆ. ಇಂದು ಕೊಟ್ಟದ್ದು ನಾಳೆ ನಮ್ಮ ಮನೆಯ ಕಾರ್ಯದಲ್ಲಿ ತಿರುಗಿ ಬರಬೇಕು, ಅದು ಕಾಯ್ದೆ. ಅವ್ವನಿಗೆ ಅಕ್ಷರ ಬಾರದು. ಹಾಗಾಗಿ ಮೂರನೆಯ ಇಯತ್ತೆಯಿಂದ ಆ ಪುಸ್ತಕ ಬರೆಯುತ್ತ ಬಂದವಳು ನಾನೇ; ಅದಕ್ಕೂ ಹಿಂದಿನದನ್ನೆಲ್ಲ ಅವ್ವ ನೆನಪಿನಿಂದ ಹೇಳಿ ಬರೆಸಿದ್ದಳು. ಮೊದಲ ಪುಟಗಳಲ್ಲಿ ನನ್ನ ಅಕ್ಷರ ಒಂದೊಂದೂ ಕಬ್ಬಿನ ಗಣಿಕೆಯಷ್ಟು ದಪ್ಪ. ಕೊನೆಯ ಪುಟಗಳಲ್ಲಿ ಸಹಿ ಮಾಡುವವರ ಹಾಗೆ ವಾಲಿಸಿ ಬರೆದಿದ್ದೆ.

"ಇಷ್ಟ್ ಮಂದಿಗೆ ಮಾಡೀನಿ. ಈಗ ಇಸ್ಕೊಳ್ಳೂಣು," ಎಂದಳು.

ಅಪ್ಪ ನಕ್ಕ. "ಲಗ್ನ ಇಲ್ದ ಆಹೇರ ಯಾರ ಕೊಡ್ತಾರ? ತಲಿ ಕೆಟ್ಟೈತೇನು?"

"ಲಗ್ನದಾಗ ಮಗಳು ಮನಿ ಬಿಟ್ಟು ಹೊಕ್ಕಾಳ. ಈಗೂ ಮನಿ ಬಿಟ್ಟು ಹಾಸ್ಟೆಲಿಗೆ ಹೊಂಟಾಳ. ಏನ್ ಫರಕ್?"

"ಒಮ್ಮೆ ಇಸ್ಕೊಂಡ್ರ ಮುಗೀತು. ನಾಳೆ ಆಕಿ ಲಗ್ನದಾಗ ಯಾರೂ ಏನೂ ತರಂಗಿಲ್ಲ."

"ತರ್ಬ್ಯಾಡ್ರಿ ಅಂತ ಹೇಳೂಣು," ಎಂದಳು ಅವ್ವ. ನನಗೆ ಎದ್ದು ಕುಣಿಯಬೇಕೆನಿಸಿತು. ಈ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಅಂದು ಪಟ್ಟಷ್ಟು ಹೆಮ್ಮೆ ಮತ್ತೆಂದೂ ಪಟ್ಟಿಲ್ಲ.

ಅವ್ವ ನನ್ನ ಮೊಬೈಲಿನಲ್ಲಿ ಒಂದು ವಾಯ್ಸ್ ಮೆಸೇಜು ಮಾಡಿದಳು. ಲಗ್ನಪತ್ರಿಕೆ ಓದುವ ದನಿಯಲ್ಲಿ: "ಎಲ್ಲಾರೂ ಕೇಳ್ರಿ. ಬರೂ ಐತ್ವಾರ ನನ್ನ ಮಗಳ ಕಾರ್ಯ ಇಟ್ಟೀನಿ. ಆಕಿ ನರ್ಸಿಂಗ್ ಕಲ್ಯಾಕ ಹೊಂಟಾಳ, ಫೀ ಕಡಿಮಿ ಬಿದ್ದೈತಿ. ನಾ ನಿಮ್ಮ ಮನಿಗೆ ಏನ್ ಆಹೇರ ಮಾಡೀನಿ, ಅದನ್ನ ತಿರುಗಿ ತಗೊಂಡ್ ಬರ್ರಿ. ಊಟಕ್ಕ ಹುಗ್ಗಿ ಐತಿ." ಅಥಣಿ, ಕಾಗವಾಡ, ಕರೋಶಿ, ನಿಪ್ಪಾಣಿ, ರಾಯಬಾಗ, ಎಲ್ಲೆಲ್ಲಿ ನಮ್ಮ ಮಂದಿ ಇದ್ದರೋ ಅಲ್ಲಿಗೆಲ್ಲ ಅದು ಹೋಯಿತು. ನಾನೇ ಕಳಿಸಿದೆ. ಕಳಿಸುವ ಮೊದಲು ಎರಡು ಸಲ ಕೇಳಿದೆ. ಆದರೂ ಅದರೊಳಗಿನ ತಪ್ಪು ನನಗೆ ಹೊಳೆಯಲಿಲ್ಲ.

ರವಿವಾರ ಬೆಳಿಗ್ಗೆ ಮೊದಲು ಬಂದವರು ಕರೋಶಿಯ ಸೋದರಮಾವನ ಮನೆಯವರು. ಮಾಮಿಯ ಟೊಂಕದ ಮೇಲೆ ಹೊಳೆಯುವ ಸ್ಟೀಲಿನ ಕೊಡ. "ನಮ್ಮ ಮಗಳ ಲಗ್ನದಾಗ ನಿಮ್ಮವ್ವ ಕೊಡಾನ ಕೊಟ್ಟಿದ್ಳು" ಎಂದು ಅಂಗಳದಲ್ಲಿ ಇಟ್ಟಳು. ಇರಲಿ, ಒಂದು ಕೊಡ ತಾನೆ ಎಂದುಕೊಂಡೆ. ಹಿಂದೆಯೇ ಕಾಗವಾಡದವರು ಬಂದರು. ಕೊಡ. ಅಥಣಿಯವರು ಇಳಿದರು. ಎರಡು ಕೊಡ. ಒಳಗೆ ಓಡಿ ಪುಸ್ತಕ ತೆರೆದೆ. ಪುಟದ ಮೇಲೆ ಪುಟ, ನನ್ನದೇ ಕೈಯಲ್ಲಿ, ದಪ್ಪ ಅಕ್ಷರದಲ್ಲಿ: ಕೊಡ, ಕೊಡ, ಖಣ, ಕೊಡ.

ಆಹೇರದ ಕಾಯ್ದೆಯೇ ಹಾಗೆ. ಕೊಡಕ್ಕೆ ಕೊಡ, ಸೀರೆಗೆ ಸೀರೆ. ಕೊಡ ಪಡೆದವರು ರೊಕ್ಕ ಕೊಟ್ಟರೆ ಅದು ಅವಮಾನ ಮಾಡಿದ ಹಾಗೆ. ಅವ್ವ ಇಪ್ಪತ್ತು ವರ್ಷ ಎಲ್ಲರ ಲಗ್ನಕ್ಕೂ ಕೊಡ ಒಯ್ದಿದ್ದಳು. ಈಗ ಆ ಪ್ರಾಮಾಣಿಕ ಮಂದಿ ಒಬ್ಬರೂ ತಪ್ಪದೆ ಅದನ್ನೇ ತಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಇಪ್ಪತ್ತಮೂರು ಕೊಡ ಸಾಲಾಗಿ ನಿಂತಿದ್ದವು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅವುಗಳ ಜೊತೆ ಒಂದಿಷ್ಟು ಸೀರೆ, ಖಣ, ಒಂದು ತಂಬಿಗೆ. ರೊಕ್ಕ ಬಂದದ್ದು ಒಂಬತ್ತು ಸಾವಿರ.

"ಇಷ್ಟ್ ಕೊಡ ತಗೊಂಡು ನಾ ಏನ್ ಹೊಳೀಗೆ ಹಾರ್ಲಿ?" ಎಂದು ಅಡಿಗೆಮನೆಯಲ್ಲಿ ಚೀರಿದೆ. ಅವ್ವ ಹುಗ್ಗಿ ತಿರುವುವ ಹುಟ್ಟು ಹಿಡಿದು ಹಾಗೇ ಕುಳಿತಿದ್ದಳು. "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ" ಎಂದು ಹಣೆ ಬಡಿದುಕೊಂಡಳು. ಅವ್ವ ಅಳುವುದನ್ನು ಕಂಡು ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ, ಆಕೆಯದೇನು ತಪ್ಪು, ಬರೆದವಳು ನಾನಲ್ಲವೇ.

ಬಂದವರಲ್ಲಿ ಅಥಣಿಯ ಭಾಂಡೆ ಅಂಗಡಿಯ ಚಾಚಾ ಕೂಡ ಇದ್ದರು. ಅವ್ವ ಇಪ್ಪತ್ತು ವರ್ಷ ಕೊಡ ಕೊಂಡದ್ದು ಅವರ ಹತ್ತಿರವೇ, ನಮ್ಮ ಮಂದಿಯೆಲ್ಲ ಕೊಳ್ಳುವುದೂ ಅಲ್ಲೇ, ಅದಕ್ಕೇ ಅವರನ್ನೂ ಊಟಕ್ಕೆ ಕರೆದಿದ್ದಳು. ನಾನು ಅವರನ್ನು ಅಂಗಳಕ್ಕೆ ಎಳೆದುಕೊಂಡು ಬಂದೆ.

"ಚಾಚಾ, ಇವನ್ನೆಲ್ಲ ತಿರುಗಿ ತಗೋರಿ. ನಿಮ್ಮವs ಅದಾವ."

ಚಾಚಾ ಒಂದು ಕೊಡದ ಕೊರಳನ್ನು ಬೆರಳಿನಿಂದ ಸವರಿ ತೋರಿಸಿದರು. ಅಲ್ಲಿ ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರು ಕೊರೆದಿತ್ತು. ಹೆಸರಿನ ಹಿಂದೆ, ಮದುಮಗಳಿಗೆ ಬರೆಸುವ ಹಾಗೆ, "ಚಿ. ಸೌ." ಎಂದಿತ್ತು. ಕೆಳಗೆ ಕೊಟ್ಟವರ ಹೆಸರು. ನಮ್ಮ ಕಡೆ ಆಹೇರದ ಭಾಂಡೆಗೆ ಹೆಸರು ಹಾಕಿಸದಿದ್ದರೆ ಕೊಟ್ಟ ಲೆಕ್ಕವೇ ಅಲ್ಲ.

"ಹೆಸರ್ ಬಿದ್ದ ಮಾಲ್ ಅಂಗಡ್ಯಾಗ ಹೋಗಂಗಿಲ್ಲ ಬೇಟಿ. ತೂಕಕ್ಕ ಹಾಕ್ಬೇಕು. ಕೊಂಡ ರೊಕ್ಕದ ಕಾಲ್ ಪಾಲೂ ಬರಂಗಿಲ್ಲ."

"ಮೂರ್ ದಿನ ಒಂದs ಹೆಸರ್ ಕೊರದ್ರಿ. ಒಮ್ಮೆರೆ ಯಾಕಂತ ಕೇಳ್ಬಾರ್ದಿತ್ತೇನ್ರಿ?"

"ನನಗ ಧಂದೆ ಛಲೋ ನಡದಿತ್ತವಾ," ಎಂದು ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರಿಗೆ ನಿಜವಾಗಿಯೂ ನಾಚಿಕೆಯಾಗಿತ್ತು.

ಅಷ್ಟೊತ್ತಿಗೆ ರಾಯಬಾಗದ ಬಸ್ಸಿನಿಂದ ಅತ್ತಿ ಇಳಿದಳು. ಅತ್ತಿ ಎಂದರೆ ಅಪ್ಪನ ಅಕ್ಕ. ಮಾತಿಗೆ ನಿಂತರೆ ತಹಶೀಲ್ದಾರರೂ ಎದ್ದು ನಿಲ್ಲಬೇಕು. ಆಕೆ ಹೆದರುತ್ತಿದ್ದದ್ದು ಒಂದಕ್ಕೇ, ಸೂಜಿಗೆ. ಸಕ್ಕರೆ ಬೇನೆ ಇದ್ದರೂ ಯಾರಿಗೂ ಚುಚ್ಚಲು ಕೊಟ್ಟವಳಲ್ಲ. ಒಮ್ಮೆ ರಕ್ತ ತೆಗೆಯಲು ಬಂದವರನ್ನು ಕಂಡು ಮಂಚದ ಆ ಕಡೆಯಿಂದ ಇಳಿದು, ಚಪ್ಪಲಿ ಬಿಟ್ಟು, ಬಸ್ ಸ್ಟ್ಯಾಂಡಿನವರೆಗೆ ನಡೆದಿದ್ದಳಂತೆ. ಅತ್ತಿಯ ಟೊಂಕದ ಮೇಲೂ ಕೊಡವಿತ್ತು, ಎಲ್ಲಕ್ಕಿಂತ ದೊಡ್ಡದು.

"ಹುಡುಗ ಎಲ್ಲಿ?" ಎಂದಳು ಒಳಗೆ ಬರುತ್ತಲೇ.

"ಯಾವ ಹುಡುಗ?"

"ಕಾರ್ಯ ಅಂದ್ರ ಗಂಡ್ ಗೊತ್ತ್ ಮಾಡೀರಿ, ಬಾಯಿ ಮುಚ್ಕೊಂಡೀರಿ ಅಂತ ತಿಳದಿದ್ನಿ. ಖರೇನ ಯಾರೂ ಇಲ್ಲೇನು?" ಇಲ್ಲವೆಂದು ತಿಳಿದ ಮೇಲೆ ಅತ್ತಿ ಕೊಡವನ್ನು ಕೆಳಗೆ ಇಡಲೇ ಇಲ್ಲ. ಕಟ್ಟೆಯ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡಳು. "ಕಂಡ್ ಕಂಡವ್ರ ಹೊಲಸ ತೊಳ್ಯಾಕ ಹೊಂಟ ಹುಡುಗಿಗೆ ಆಹೇರ ಬ್ಯಾರೆ. ಆಡ್ಕೊಳ್ಳೋರ ಮುಂದ ಎಡವಿ ಬಿದ್ದಂಗ ಆತು."

ನಾನು ಏನೋ ಅನ್ನಲು ಬಾಯಿ ತೆರೆದೆ. ಅದಕ್ಕೆ ಮೊದಲೇ ನಿಪ್ಪಾಣಿಯ ಚಿಕ್ಕವ್ವ ಎದ್ದು ನಿಂತಳು. ಅವ್ವನ ತಂಗಿ, ಬೀಡಿ ಕಟ್ಟುವವಳು. ಆಕೆಯ ಬಾಯಿ ಆಕೆಯ ಕೈಗಿಂತ ಚುರುಕು.

"ಏ, ಸುಮ್ನಿರ್ರಿ ಎಲ್ಲಾರೂ. ಗುಡ್ಯಾಗ ದೇವ್ರ ಮುಂದಿನ ತೆಂಗಿನಕಾಯಿ ಸವಾಲ್ ಹಿಡಿತೀವಿಲ್ಲೋ? ಮೂವತ್ತ ರೂಪಾಯಿ ಕಾಯಿ ಎರಡ್ ಸಾವಿರಕ್ಕ ತಗೊಂಡ್ ಮೀಸಿ ತಿರುವ್ತಾರ ಗಂಡಸ್ರು. ಆವಾಗ ಯಾರೂ ದೀಡ್ ಶಾಣ್ಯಾತನ ಮಾಡಂಗಿಲ್ಲ. ಈ ಕೊಡಾ ಸವಾಲಿಗೆ ಹಚ್ರಿ!"

"ಎರಡೆರಡ್ ಸಲ ಕೊಟ್ಟಂಗ ಆಗ್ತೈತಲ್ಲವಾ," ಎಂದಳು ಅವ್ವ, ಸೆರಗಿನಿಂದ ಕಣ್ಣೊರೆಸುತ್ತ.

"ಕೊಡ ಕೊಟ್ಟದ್ದು ಆಹೇರ, ಅದು ಮುಟ್ಟಿತು. ಸವಾಲಿಂದು ಬ್ಯಾರೆ. ಸವಾಲಿನ ರೊಕ್ಕ ಪುಸ್ತಕದಾಗ ಬರಿಬಾರ್ದು."

ಹರಾಜಿನ ಮಾತು ಕೇಳಿದ್ದೇ ಎಲ್ಲರೂ ಕೊಡಗಳ ಸುತ್ತ ನೆರೆದರು. ಆಮೇಲೆ ಅಂಗಳವೆಲ್ಲ ಒಮ್ಮೆಲೇ ಗದ್ದಲ. ಚಾಚಾ "ನಾ ಕೂಗ್ತೀನಿ, ನನ್ನ ತಪ್ಪಿಗೆ ಅದs ದಂಡ" ಎಂದು ಅಪ್ಪನ ಟ್ರೇಲರನ್ನು ಏರಿ ನಿಂತರು. ನಾನು ಕೊಡ ಎತ್ತಿ ಎತ್ತಿ ಕೊಟ್ಟೆ.

"ಕರೋಶಿ ಮಾಮಿ ಕೊಡ! ಸರ್ಕಾರಿ ಸವಾಲ್ ಐದ್ನೂರು!"

"ಆರ್ನೂರು!" ಕಾಗವಾಡದ ಕಡೆಯಿಂದ.

"ನನ್ನ ಕೊಡ ಆರ್ನೂರಕ್ಕ ಒಯ್ಯಾಕ ಬಂದೀರೇನು? ಸಾವಿರ!" ಎಂದಳು ಮಾಮಿ, ತನ್ನ ಕೊಡಕ್ಕೆ ತಾನೇ.

"ಸಾವಿರದ ನೂರು!"

"ಒಂದನೇ ಸಾರಿ... ದೋನ್ ವಾರ... ತೀನ್ ವಾರ!" ಚಾಚಾ ಕೊಡಕ್ಕೆ ಸೌಟಿನಿಂದ ಬಡಿದರು. ಢಣ್ಣೆಂದಿತು. ಹುಡುಗರು ಕೇಕೆ ಹಾಕಿದರು.

ಅಲ್ಲಿಂದ ಮುಂದೆ ಯಾರ ಕೈಗೂ ಯಾರೂ ಸಿಗಲಿಲ್ಲ. ಅಥಣಿಯವರಿಗೂ ಚಿಕ್ಕೋಡಿ ಕಡೆಯವರಿಗೂ ಜಿದ್ದು ಹತ್ತಿತು. "ದ್ರಾಕ್ಷಿ ಹಚ್ಚಿದವ್ರು ನೀವು, ಇಷ್ಟ ಏನು?" ಎಂದು ಚಿಕ್ಕೋಡಿಯವರು ಕೆಣಕಿದರೆ, "ಕಬ್ಬಿನ ಬಿಲ್ ಬರ್ಲಿ, ಕೊಡದ ಜೋಡಿ ನಿಮ್ಮನ್ನೂ ಕೊಂಡಕೋತೀವಿ" ಎಂದು ಅಥಣಿಯವರು. ಕೈಯಲ್ಲಿ ರೊಕ್ಕ ಇಲ್ಲದವರು ಚಾಚಾರ ಮೊಬೈಲಿಗೆ ಹಾಕಿದರು. ಚಾಚಾ ಅಂಗಡಿಯಿಂದ ತರಿಸಿದ ಸಣ್ಣ ಡಬ್ಬಿ ಪ್ರತಿ ಸಲ ಹೆಣ್ಣುದನಿಯಲ್ಲಿ "ಒಂದು ಸಾವಿರದ ಇನ್ನೂರು ರೂಪಾಯಿ ಬಂದಿದೆ" ಎಂದು ಒದರುತ್ತಿತ್ತು. ಅದು ಒದರಿದಾಗಲೆಲ್ಲ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ನಾನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ, ತಪ್ಪುತ್ತಿದ್ದೆ, ಮತ್ತೆ ಮೊದಲಿನಿಂದ ಕೂಡಿಸುತ್ತಿದ್ದೆ. ಹದಿನೆಂಟನೆಯ ಕೊಡ ಹೋಯಿತು, ಇಪ್ಪತ್ತನೆಯದು ಹೋಯಿತು. ಕೊನೆಯ ಕೊಡ ಚಿಕ್ಕವ್ವನಿಗೇ ನಿಂತಿತು. ಸೀರೆಗಳೂ ಹೋದವು. ಇನ್ನೂ ಎರಡೂವರೆ ಸಾವಿರ ಕಡಿಮೆ.

ಉಳಿದದ್ದು ಒಂದು ತಂಬಿಗೆ. ಅಂಗಡಿಯಲ್ಲಿ ನೂರೈವತ್ತಕ್ಕೆ ಸಿಗುವಂಥದ್ದು. ಚಾಚಾ ಅದನ್ನು ಎತ್ತಿ ಹಿಡಿದು ಸುತ್ತ ಎಲ್ಲರಿಗೂ ತೋರಿಸಿದರು. ಎಲ್ಲರ ಕಿಸೆಯೂ ಬರಿದಾಗಿತ್ತು.

"ಎರಡೂವರಿ ಸಾವಿರ," ಎಂದಿತು ಒಂದು ದನಿ. ಅಪ್ಪ! ಲಗ್ನ ಇಲ್ಲದ ಆಹೇರ ಯಾರು ಕೊಡುತ್ತಾರೆ ಎಂದಿದ್ದ ಅದೇ ಅಪ್ಪ. ಟ್ರೇಲರಿನ ಟೈರಿಗೆಂದು ಮಡಚಿಟ್ಟಿದ್ದ ನೋಟುಗಳನ್ನು ಬನಿಯನ್ನಿನ ಕಿಸೆಯಿಂದ ತೆಗೆದು ಕೊಟ್ಟ. "ಮನಿ ತಂಬಗಿ ಮನ್ಯಾಗs ಉಳೀಲಿ" ಎಂದ. ನಾನು ಎಲ್ಲರ ಮುಂದೆ ಅಪ್ಪನ ಕೊರಳಿಗೆ ಬಿದ್ದೆ. ಬಸ್ಸಿನಲ್ಲಿ ಆಡಿದ ಮಾತಿಗೆ ಅದೇ ನನ್ನ ಮಾಫಿ.

ಇಷ್ಟೆಲ್ಲ ನಡೆಯುವಾಗ ಅತ್ತಿ ಕಟ್ಟೆಯಿಂದ ಕದಲಿರಲಿಲ್ಲ. ನಾಲ್ಕರ ಬಸ್ಸಿಗೆ ಎದ್ದಳು. ಕೊಡ ಟೊಂಕದ ಮೇಲೇ ಇತ್ತು.

"ಇದು ಸವಾಲಿನ ಕೊಡ ಅಲ್ಲ. 'ಚಿ. ಸೌ.' ಅಂತ ಬರಸೀನಿ. ಲಗ್ನದಾಗ ಕೊಡ್ತೀನಿ."

"ನೀನs ಇಟ್ಕೋ ಅತ್ತಿ!" ಎಂದೆ ನಾನು, ಆ ಅಬ್ಬರದಲ್ಲಿ. "ನಿನ್ನ ಮನ್ಯಾಗ ಒಂದ್ ಗುಟುಕ್ ನೀರೂ ಕುಡ್ಯಾಕ ಬರಂಗಿಲ್ಲ ನಾ!" ಅತ್ತಿ ತಿರುಗಿ ನೋಡದೆ ಹೋದಳು. ಅವ್ವ ಆ ಸಂಜೆ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ 'ಮುಟ್ಟಿತು' ಎಂದು ಬರೆಸಿದಳು. ಅತ್ತಿಯ ಹೆಸರು ಬಂದಾಗ "ಖಾಲಿ ಬಿಡು" ಎಂದಳು.

ಬುಧವಾರ ಹನ್ನೊಂದಕ್ಕೇ ಫೀ ಕಟ್ಟಿದೆವು. ನೋಟುಗಳಿಗೆ ಅರಿಷಿಣ, ಕುಂಕುಮ ಹತ್ತಿತ್ತು. ಖಿಡಕಿಯವರು ಎಣಿಸುತ್ತ "ಲಗ್ನದ ಮನಿಯಿಂದ ಬಂದೀರೇನು?" ಎಂದು ಕೇಳಿದರು. ಅವ್ವ "ಹೌದ್ರಿ" ಎಂದುಬಿಟ್ಟಳು.

ಮುಂದಿನ ವರ್ಷಗಳ ಫೀಗೆ ಬ್ಯಾಂಕಿನ ಸಾಲವೂ ಬಂತು, ಸ್ಕಾಲರ್‌ಶಿಪ್ಪೂ ತೆವಳುತ್ತ ಬಂತು. ನಾಲ್ಕು ವರ್ಷ ಕಲಿತೆ. ರಜೆಗೆ ಯಾರ ಮನೆಗೆ ಹೋದರೂ ನನ್ನ ಹೆಸರಿನ ಕೊಡದಿಂದಲೇ ನೀರು ಕೊಡುತ್ತಿದ್ದರು. ರಾಯಬಾಗಕ್ಕೆ ಮಾತ್ರ ಹೋಗಲಿಲ್ಲ. ಅತ್ತಿಯೂ ಬರಲಿಲ್ಲ. ಆಡಿದ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಕಲಿಕೆ ಮುಗಿದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಬೆಳಗಿನ ಓಪಿಡಿ ಸಾಲಿನಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಅತ್ತಿ! ಬಡಕಲಾಗಿದ್ದಳು. ಟೊಂಕದ ಮೇಲೆ ಅದೇ ಕೊಡ. "ಭಾಂಡೆ ಹೊರಗ ಇಟ್ಟ್ ಬಾರವಾ" ಎಂದ ಸಿಪಾಯಿಗೆ "ಇದು ಭಾಂಡೆ ಅಲ್ಲಪಾ, ಆಹೇರ" ಎಂದು ಜಗಳ ತೆಗೆದಿದ್ದಳು.

ನನ್ನನ್ನು ಕಂಡದ್ದೇ ಜಗಳ ಬಿಟ್ಟು ಒಳಗೆ ಬಂದಳು. ಕೊಡವನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು ಕೊರಳನ್ನು ನನ್ನ ಕಡೆ ತಿರುಗಿಸಿದಳು. 'ಚಿ. ಸೌ.' ಹಾಗೇ ಇತ್ತು. ನನ್ನ ಹೆಸರು ಇತ್ತು. ಹೆಸರಿನ ಮುಂದೆ ಹೊಸ ಚುಕ್ಕೆಗಳು ಫಳಫಳ ಹೊಳೆಯುತ್ತಿದ್ದವು: 'ನರ್ಸಬಾಯಿ'.

"ಹಿಂದಿಂದು ಅಳಸಾಕ ಬರಂಗಿಲ್ಲ ಅಂದ ಆ ಚಾಚಾ. ಅದಕ್ಕ ಮುಂದ ಬರಸೀನಿ," ಎಂದಳು. "ಲಗ್ನದ ತನಕ ಕಾಯಾಕ ನನ್ನ ಸಕ್ಕರಿ ಬಿಡವಲ್ದು. ದಿನಾ ಸೂಜಿ ಬೇಕಂತ. ಮುಟ್ಟಿತು ಅಂತ ಪುಸ್ತಕದಾಗ ಬರ್ಕೋ. ಈಗ ನೀ ತಿರುಗಿ ಮಾಡು."

ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕುಪ್ಪಸದ ತೋಳು ಮೇಲೆ ಸರಿಸಿ, ಕೈ ಚಾಚಿದಳು. ಬಾಯಲ್ಲಿ ದೇವರ ಹೆಸರು ಹೇಳುತ್ತಿದ್ದಳು. ಡಾಕ್ಟರರ ಚೀಟಿ ನೋಡಿ, ಇನ್ಸುಲಿನ್ ತುಂಬಿದ ಸೂಜಿಯನ್ನು ಗಟ್ಟಿಯಾಗಿ ಹಿಡಿದೆ. ನಾಲ್ಕು ವರ್ಷ ಕಲಿತದ್ದು ಅದನ್ನೇ. ಸ್ಪಿರಿಟ್ಟಿನಿಂದ ಒರೆಸಿ, ಚರ್ಮ ಹಿಡಿದು, ಚುಚ್ಚಿದೆ.

"ಹೂಂ, ಬೇಗ ಮಾಡು," ಎಂದಳು ಅತ್ತಿ.

"ಆತು ಅತ್ತಿ."

"ಆತು?" ಒಂದು ಕಣ್ಣು ತೆರೆದು ಮೊದಲು ತೋಳು ನೋಡಿಕೊಂಡಳು, ಆಮೇಲೆ ನನ್ನ ಮುಖ ನೋಡಿದಳು. "ಸೂಜಿ ನನಗ ಚುಚ್ಚಿ ನೀ ಯಾಕ ಅಳಾಕತ್ತೀ, ಹುಚ್ಚಿ?"